ಎಡಗಡೆಯ ಎರಡು ತೂತು

ನನ್ನ ಗಂಡ ಸೈನ್ಯಕ್ಕೆ ಸೇರಿದ್ದು ನಲವತ್ತೆರಡನೆಯ ವಯಸ್ಸಿನಲ್ಲಿ, ಅದೂ ಭಾನುವಾರಗಳಲ್ಲಿ ಮಾತ್ರ. ಉಳಿದ ಆರು ದಿನ ಅವರು ವಿಮಾ ಕಂಪನಿಯೊಂದರಲ್ಲಿ ಗುಮಾಸ್ತರು. ಭಾನುವಾರ ಬೆಳಿಗ್ಗೆ ಏಳಕ್ಕೆ ಮಂಡಿಯುದ್ದದ ಖಾಕಿ ಚಡ್ಡಿ ತೊಟ್ಟು, ಕಾಲಿಗೆ ಖಾಕಿ ಪಟ್ಟಿ ಸುತ್ತಿಸಿಕೊಂಡು, ಸೈಕಲ್ಲು ತಳ್ಳಿಕೊಂಡು ಹೊರಡುತ್ತಾರೆ. ಸುತ್ತಿಸಿಕೊಂಡು ಎಂದೆ, ಏಕೆಂದರೆ ಬಗ್ಗಿದರೆ ಅವರಿಗೆ ಹೊಟ್ಟೆ ಅಡ್ಡ ಬರುತ್ತದೆ, ಸುತ್ತುವವಳು ನಾನು. ತಳ್ಳಿಕೊಂಡು ಎಂದೆ, ಏಕೆಂದರೆ ಹತ್ತುವ ಹಾಗಿಲ್ಲ. ಹತ್ತಿದರೆ ಟೈರು ಸವೆಯುತ್ತದೆ. ಆ ಟೈರು ಯಾವುದೋ ಯುದ್ಧ ಮುಗಿಯುವ ಹಿಂದಿನ ವರ್ಷದ್ದಂತೆ, ಅಂಥದ್ದು ಇನ್ನು ಹುಟ್ಟುವುದಿಲ್ಲವಂತೆ.

ಇವರದ್ದೊಂದು ಸಂಘ. ಹಳೆಯ ಮಿಲಿಟರಿ ಸೈಕಲ್ಲುಗಳನ್ನು ಕೂಡಿಹಾಕುವವರ ಸಂಘ. ಇಪ್ಪತ್ತಾರು ಜನರಲ್ಲಿ ಒಬ್ಬನೂ ಸೈನ್ಯದ ಗೇಟು ದಾಟಿದವನಲ್ಲ, ಆದರೆ ಹುದ್ದೆ ಎಲ್ಲರಿಗೂ ಇದೆ. ಒಂದು ಸೈಕಲ್ಲಿದ್ದರೆ ಸಿಪಾಯಿ, ಎರಡಿದ್ದರೆ ಹವಾಲ್ದಾರ, ಐದು ದಾಟಿದರೆ ಕ್ಯಾಪ್ಟನ್. ನನ್ನ ಗಂಡನದು ಎರಡೂವರೆ. ಆ ಅರ್ಧ ಎಂದರೆ ಚಕ್ರವಿಲ್ಲದ, ಹ್ಯಾಂಡಲ್ಲಿಲ್ಲದ ಬರೀ ಚೌಕಟ್ಟು. ಅದು ನಮ್ಮ ಮಂಚದ ಕೆಳಗೆ ಕಂಬಳಿ ಹೊದ್ದು ಮಲಗಿದೆ. ಅಲ್ಲಿದ್ದ ನನ್ನ ಟ್ರಂಕು ಬಚ್ಚಲಿನ ಪಕ್ಕಕ್ಕೆ ಹೋಗಿ ತಳ ತುಕ್ಕು ಹಿಡಿಯಿತು. ಚೌಕಟ್ಟಿನ ತುಕ್ಕಾದರೆ ಚರಿತ್ರೆ, ನನ್ನ ಟ್ರಂಕಿನದು ಬರೀ ತುಕ್ಕು.

ಅವರ ಮಾತು ಕೇಳಬೇಕು ನೀವು. ವಿಮಾನದಿಂದ ಪ್ಯಾರಾಚೂಟಿನಲ್ಲಿ ಇಳಿಸುತ್ತಿದ್ದ ಮಡಚುವ ಸೈಕಲ್ಲೊಂದರ ಫೋಟೋ ಹಿಡಿದು ಗಟ್ಟಿ ಗಂಡಸರು ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ಸೀಟಿನ ಸ್ಪ್ರಿಂಗಿಗೆ ಏಳು ಸುತ್ತೋ ಎಂಟು ಸುತ್ತೋ ಎಂಬ ವಿಷಯಕ್ಕೆ ಇಬ್ಬರು ಕ್ಯಾಪ್ಟನ್ನರು ಎರಡು ವರ್ಷ ಮಾತು ಬಿಟ್ಟಿದ್ದರು. ಹಸಿರು ಬಣ್ಣದಲ್ಲಿ ಹನ್ನೊಂದು ಬಗೆ ಇದೆಯೆಂದು ನನಗೆ ಗೊತ್ತಾಗಿದ್ದೇ ನಮ್ಮ ಊಟದ ಮೇಜಿನ ಮೇಲೆ ಆ ಹನ್ನೊಂದರ ಡಬ್ಬಿಗಳೂ ಬಂದು ಕೂತ ಮೇಲೆ.

ನಾನು ತೂಕ ಮತ್ತು ಅಳತೆ ಇಲಾಖೆಯವಳು. ಅಂಗಡಿಗಳ ತಕ್ಕಡಿ, ಬಟ್ಟು ಪರೀಕ್ಷಿಸಿ ಸರಿಯಿದ್ದರೆ ಮುದ್ರೆ ಒತ್ತುವುದು ನನ್ನ ಕೆಲಸ. ಇಪ್ಪತ್ತು ವರ್ಷದಿಂದ ಜನರ ಕಣ್ಣಲ್ಲಿ ಕಣ್ಣಿಟ್ಟು 'ಇದು ಸರಿ, ಇದು ಮೋಸ' ಎಂದು ಹೇಳಿ ಅನ್ನ ತಿನ್ನುತ್ತಿದ್ದೇನೆ. ಹಾಗಾಗಿ ಅಸಲಿ, ನಕಲಿ ಎಂಬ ಮಾತು ಕಿವಿಗೆ ಬಿದ್ದರೆ ಸುಮ್ಮನಿರಲು ನನ್ನಿಂದಾಗುವುದಿಲ್ಲ.

ಸಂಘದ ಅಧ್ಯಕ್ಷರು ವೃತ್ತಿಯಲ್ಲಿ ದಂತವೈದ್ಯರು. ಹದಿನಾಲ್ಕು ಸೈಕಲ್ಲಿನ ಒಡೆಯರಾದ್ದರಿಂದ ಕರ್ನಲ್. ಅವರ ಕ್ಲಿನಿಕ್ಕಿನ ಹಿಂದೆ ಒಂದು ಶೆಡ್ಡು, ಅದಕ್ಕೆ ಅಂಟಿಕೊಂಡು ಒಂದು ದೊಡ್ಡ ಕೋಣೆ, ಅದರಲ್ಲಿ ಗಾಜಿನ ಪೆಟ್ಟಿಗೆಗಳು. ಅದಕ್ಕೆ ಮ್ಯೂಸಿಯಂ ಎಂದು ಹೆಸರು. ಹದಿನೇಳು ವರ್ಷದಿಂದ ಅವರು ಮಿಲಿಟರಿ ಸೈಕಲ್ಲುಗಳ ಬಗ್ಗೆ ಒಂದು ಗ್ರಂಥ ಬರೆಯುತ್ತಿದ್ದಾರೆ. ಅದರ ಏಳನೆಯ ಅಧ್ಯಾಯ ಪೂರ್ತಿ, ನಲವತ್ತಮೂರು ಪುಟ, 'ಎಡಗಡೆಯ ಪಂಪು' ಎಂಬ ಒಂದೇ ವಿಷಯದ ಮೇಲೆ.

ವಿಷಯ ಇಷ್ಟು. ಆ ಕಾಲದ ಸೈನ್ಯದ ಸೈಕಲ್ಲುಗಳಿಗೆಲ್ಲ ಗಾಳಿ ಪಂಪು ಸಿಕ್ಕಿಸುವ ಕ್ಲಿಪ್ಪು ಮುಂದಿನ ಓರೆ ಕೊಳವೆಯ ಬಲಗಡೆ ಇರುತ್ತಿತ್ತು. ಎರಡು ತೂತು, ಎರಡು ಸ್ಕ್ರೂ. ಆದರೆ ನಲವತ್ತು ಸೈಕಲ್ಲುಗಳಲ್ಲಿ ಮಾತ್ರ ಅದು ಎಡಗಡೆ ಇತ್ತು. ಏಕೆ? ಬಲಗಡೆ ಬಂದೂಕು ಕಟ್ಟಿಕೊಂಡು ಬೆಟ್ಟದ ದಾರಿಯಲ್ಲಿ ಸದ್ದಿಲ್ಲದೆ ಸಾಗುವ ರಹಸ್ಯ ದಳವೊಂದಿತ್ತು, ಅದಕ್ಕಾಗಿ, ಎನ್ನುತ್ತಾರೆ ಕರ್ನಲ್. ಆ ದಳದ ದಾಖಲೆ ಎಲ್ಲೂ ಸಿಗುವುದಿಲ್ಲ. ಸಿಗದಿರುವುದೇ ಅದು ರಹಸ್ಯ ದಳ ಎಂಬುದಕ್ಕೆ ಸಾಕ್ಷಿ ಎಂದು ಪುಟ ಹನ್ನೊಂದರಲ್ಲಿ ಬರೆದಿದ್ದಾರೆ. ನಲವತ್ತರಲ್ಲಿ ಮೂವತ್ತೊಂಬತ್ತನ್ನು ಕುಲುಮೆಗೆ ಹಾಕಿದ್ದಕ್ಕೆ ಮಾತ್ರ ಹಳೆಯ ರಿಜಿಸ್ಟರಿನಲ್ಲಿ ಲೆಕ್ಕ ಸಿಕ್ಕಿದೆ. ಅಂದರೆ ಭೂಮಿಯ ಮೇಲೆ ಉಳಿದಿರುವುದು ಒಂದೇ ಒಂದು.

ಆ ಒಂದು ನಮ್ಮ ಮನೆಯ ಜಗುಲಿಯಲ್ಲಿ ನಿಂತಿರುತ್ತಿತ್ತು. ಹ್ಯಾಂಡಲ್ಲಿಗೆ ಹಾಲಿನ ಚೀಲ ನೇತುಹಾಕಿಕೊಂಡು.

ಅದು ನನ್ನ ಅಪ್ಪನ ಸೈಕಲ್ಲು. ಅಪ್ಪ ಹತ್ತೊಂಬತ್ತು ವರ್ಷ ಸೈನ್ಯದ ಸೈಕಲ್ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ಅಮ್ಮ ಹೋದ ಮೇಲೆ, ಐದು ವರ್ಷದಿಂದ, ನಮ್ಮ ಜೊತೆ ಇದ್ದಾನೆ. ಇದ್ದಾನೆ ಎಂದರೆ ಹೇಗೆ? ಫ್ಯಾನು ಹಾಕಲೂ ಒಮ್ಮೆ ಕೇಳುತ್ತಾನೆ. ಅಳಿಯನ ಮನೆಯಲ್ಲಿದ್ದೇನೆ ಎಂಬ ಸಂಕೋಚ ಅವನ ಮೈಯಲ್ಲಿ ಮೂಳೆಯ ಹಾಗೆ ಕೂತುಬಿಟ್ಟಿದೆ. ಬಾಡಿಗೆಯಲ್ಲಿ ಅರ್ಧ ನನ್ನದು ಎಂದು ನೂರು ಸಲ ಹೇಳಿದ್ದೇನೆ, ಅದು ಅವನ ಕಿವಿಯೊಳಗೆ ಇಳಿಯುವುದಿಲ್ಲ.

ಅವನ ಬಲಮಂಡಿ ಆಪರೇಷನ್ ಆದ ಮೇಲೆ ಮಡಚುವುದಿಲ್ಲ. ಹತ್ತು ಹೆಜ್ಜೆ ನಡೆದರೆ ಹನ್ನೊಂದನೆಯದಕ್ಕೆ ಗೋಡೆ ಹುಡುಕುತ್ತಾನೆ. ಆದರೆ ಸೈಕಲ್ಲಿನ ಮೇಲೆ ಕೂತರೆ ರಾಜ. ಬಲಗಡೆ ಪೆಡಲು ಹಿಡಿದಿರುವ ತೋಳನ್ನು, ಅಂದರೆ ಕ್ರ್ಯಾಂಕನ್ನು, ತಾನೇ ಕತ್ತರಿಸಿ ಅರ್ಧಕ್ಕರ್ಧ ಗಿಡ್ಡ ಮಾಡಿಕೊಂಡಿದ್ದಾನೆ. ಎಡಗಾಲು ದೊಡ್ಡ ಸುತ್ತು ಹಾಕಿದರೆ ಬಲಗಾಲು ಚಿಕ್ಕ ಸುತ್ತು ಹಾಕುತ್ತದೆ, ಮಂಡಿ ನೋಯುವುದಿಲ್ಲ. ಪಂಪಿನ ಕ್ಲಿಪ್ಪಿಗೆ ಊರುಗೋಲು ಸಿಕ್ಕಿಸಿಕೊಳ್ಳುತ್ತಾನೆ. ಇಳಿಯುವಾಗ ಎಡಗೈ ಕೆಳಗೆ ಚಾಚಿದರೆ ಕೋಲು ಕೈಗೆ ಬರುತ್ತದೆ. ಹಾಲು, ಲೈಬ್ರರಿ, ಕ್ಷೌರದಂಗಡಿ, ಕಾಲುವೆ ಪಕ್ಕದ ಬೆಂಚಿನ ಗೆಳೆಯರು, ಎಲ್ಲಕ್ಕೂ ಅದೇ. ಆ ಸೈಕಲ್ಲಿಲ್ಲದಿದ್ದರೆ ಅವನು ಕುರ್ಚಿಗೆ ಬಿದ್ದ ಮನುಷ್ಯ. ಇದು ಕವಿತೆಯಲ್ಲ, ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟ ಮಾತು.

ಐದು ವರ್ಷ ನನ್ನ ಗಂಡ ಆ ಸೈಕಲ್ಲನ್ನು ದಾಟಿಕೊಂಡೇ ಮಿಲಿಟರಿ ಸೈಕಲ್ಲು ಹುಡುಕಲು ಹೋದರು. ಓಡುವ ಸೈಕಲ್ಲನ್ನು ಇವರು ನೋಡುವುದಿಲ್ಲ. ಒಂದು ದಿನ ಕರ್ನಲ್ಲರ ಏಳನೆಯ ಅಧ್ಯಾಯದ ಕರಡು ಹಿಡಿದು ಜಗುಲಿಯಲ್ಲಿ ಕೂತು ಓದುತ್ತಿದ್ದವರು ತಲೆ ಎತ್ತಿದರು. ಚಿತ್ರ ನೋಡಿದರು, ಅಪ್ಪನ ಸೈಕಲ್ಲು ನೋಡಿದರು, ಮತ್ತೆ ಚಿತ್ರ. ಆಮೇಲೆ ಅದರ ಮುಂದೆ ಎರಡೂ ಮಂಡಿಯೂರಿ ಕೂತರು. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಆ ಮನುಷ್ಯ ಯಾರ ಮುಂದೆಯೂ ಹಾಗೆ ಕೂತಿದ್ದಿಲ್ಲ.

ಮಾರನೆಯ ದಿನವೇ ಕರ್ನಲ್ ಬಂದರು, ಬಿಳಿ ಕೈಗವಸು ತೊಟ್ಟು, ಹಲ್ಲು ನೋಡುವ ಪುಟ್ಟ ಕನ್ನಡಿ ಹಿಡಿದು. ಆ ಕನ್ನಡಿಯಲ್ಲೇ ತೂತುಗಳನ್ನು ಒಂದು ಗಂಟೆ ಪರೀಕ್ಷಿಸಿದರು. ಅಪ್ಪ ಪಾಪ, ಸುಮ್ಮನೆ ಇರಬಹುದಿತ್ತು. ಆದರೆ ಅವನಿಗೆ ಸುಳ್ಳು ಕಂಡರೆ ತುರಿಕೆ. ಕೋಲೂರಿ ಹತ್ತಿರ ಬಂದ.

"ಸಾರ್, ಅದು ನಂದೇ ತಪ್ಪು," ಎಂದ. "ತೂತು ಕೊರೆಯೋಕೆ ಒಂದು ಕಬ್ಬಿಣದ ಅಚ್ಚುಪಟ್ಟಿ ಇರ್ತಿತ್ತು. ಅದನ್ನ ಕೊಳವೆ ಮೇಲೆ ಕೂರಿಸಿ ಕೊರೀಬೇಕು. ಅವತ್ತು ನನಗೆ ವಿಪರೀತ ಹಲ್ಲುನೋವು. ಕೆನ್ನೆ ಊದಿ ಒಂದು ಕಣ್ಣು ಮುಚ್ಕೊಂಡಿತ್ತು. ಪಟ್ಟಿ ತಿರುಗಾಮುರುಗಾ ಹಿಡಿದುಬಿಟ್ಟೆ. ಮಧ್ಯಾಹ್ನದೊಳಗೆ ನಲವತ್ತು ಸೈಕಲ್ ಎಡಗಡೆ ಆಗೋಗಿತ್ತು."

ಕರ್ನಲ್ ನಕ್ಕರು. ಅರಿವಳಿಕೆ ಚುಚ್ಚುವ ಮುಂಚೆ ರೋಗಿಗೆ ತೋರಿಸುತ್ತಾರಲ್ಲ, ಆ ನಗು.

"ಯಜಮಾನ್ರೇ, ನಾನು ಮೂವತ್ತು ವರ್ಷದಿಂದ ಹಲ್ಲುನೋವು ನೋಡಿದೀನಿ. ಹಲ್ಲುನೋವಿಂದ ಇಷ್ಟು ನಿಖರವಾದ ಕೆಲಸ ಆಗಲ್ಲ."

"ಶಿಕ್ಷೆ ಆಯ್ತು ಸಾರ್. ಸರ್ವಿಸ್ ಪುಸ್ತಕದಲ್ಲಿ ಕೆಂಪು ಇಂಕಲ್ಲಿ 'ಅಜಾಗರೂಕ' ಅಂತ ಬರೆದ್ರು. ಬಡ್ತಿ ನಿಂತೋಯ್ತು. ಬೇಕಾದ್ರೆ ತೋರಿಸ್ತೀನಿ. ಆ ಅಚ್ಚುಪಟ್ಟೀನೂ ನನ್ನ ಹತ್ರಾನೇ ಇದೆ."

"ಅದು ಕಣ್ಣಿಗೆ ಮಣ್ಣೆರಚೋಕೆ ಬರೆದಿರೋದು. ರಹಸ್ಯ ಹೊರಗೆ ಹೋಗಬಾರದು ಅಂತ. ನಿಮಗೂ ಗೊತ್ತಾಗದ ಹಾಗೆ ನಿಮ್ಮ ಕೈಲಿ ಮಾಡಿಸಿದಾರೆ." ಕರ್ನಲ್ ಅಪ್ಪನ ಭುಜ ತಟ್ಟಿದರು. "ನೋಡಿ, ನೀವು ಅಲ್ಲಿದ್ರಿ ಅಷ್ಟೆ. ನಾನು ಹದಿನೇಳು ವರ್ಷ ಓದಿದೀನಿ."

ಕರ್ನಲ್ ಆಗ ಬಗ್ಗಿ ಗಿಡ್ಡ ಕ್ರ್ಯಾಂಕು ನೋಡಿ "ಅಯ್ಯಯ್ಯೋ" ಎಂದು ಎದೆ ಮುಟ್ಟಿಕೊಂಡರು. "ಏನ್ ಅನ್ಯಾಯ ಇದು! ಇರಲಿ, ಅಜ್ಞಾನದಲ್ಲಿ ಮಾಡಿರೋದು. ಸರಿ ಮಾಡಬಹುದು. ಅಸಲಿ ಕ್ರ್ಯಾಂಕು ತರಿಸೋಣ."

ಅಲ್ಲೇ, ಕಾಫಿ ಲೋಟ ಹಿಡಿದುಕೊಂಡೇ ವ್ಯವಹಾರ ಮುಗಿದುಹೋಯಿತು. ಸೈಕಲ್ಲು ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಗೆ, ನನ್ನ ಗಂಡ ಹವಾಲ್ದಾರನಿಂದ ನೇರವಾಗಿ ಕ್ಯಾಪ್ಟನ್, ಜೊತೆಗೆ ಸಂಘದ ಕಾರ್ಯದರ್ಶಿ. ವಾರ್ಷಿಕ ತಪಾಸಣೆಯ ದಿನ ಹಸ್ತಾಂತರ. ನನ್ನ ಗಂಡ ಅಪ್ಪನ ಕಡೆ ತಿರುಗಿ, ಕರ್ನಲ್ಲರ ಎದುರಿಗೇ ಕೇಳಿದರು.

"ಮಾವ, ನಿಮ್ಮದೇನೂ ಅಭ್ಯಂತರ ಇಲ್ಲ ತಾನೇ?"

ಅಪ್ಪ ಊರುಗೋಲಿನ ತುದಿ ನೋಡುತ್ತ, "ನಿಮ್ಮಿಷ್ಟ ಅಳಿಯಂದ್ರೇ," ಎಂದ.

ಅಡುಗೆಮನೆಯಲ್ಲಿ ನಾನು ಗಂಡನ ನೀರಿಳಿಸಿದೆ. "ಅದು ಅಪ್ಪನ ಕಾಲು ಕಣ್ರೀ! ಕಾಲು ಕತ್ತರಿಸಿ ಗಾಜಿನ ಪೆಟ್ಟಿಗೇಲಿ ಇಡ್ತೀರಾ?"

"ಹೊಸ ಸೈಕಲ್ ಕೊಡಿಸ್ತೀನಲ್ಲ. ಗೇರಿರೋದು."

"ಮಂಡಿ ಮಡಚೋದಿಲ್ಲ, ಗೇರು ಇಟ್ಕೊಂಡು ಏನ್ ಮಾಡ್ತಾರೆ? ನೆಕ್ಕೋಕಾ?"

"ಈ ವಯಸ್ಸಲ್ಲಿ ಓಡಾಡೋದಾದ್ರೂ ಯಾಕೆ? ಆರಾಮಾಗಿ ಕೂತ್ಕೊಳ್ಲಿ. ನಿನಗೆ ಚರಿತ್ರೆ ಅಂದ್ರೆ ಏನು ಅಂತ ಗೊತ್ತಿಲ್ಲ."

ನನಗೆ ಪಿತ್ತ ನೆತ್ತಿಗೇರಿತು. ಅಪ್ಪನ ಹತ್ತಿರ ಹೋಗಿ, ನೀನು ಬೇಡ ಅನ್ನದಿದ್ದರೆ ತಪಾಸಣೆಯ ದಿನ ಎಲ್ಲರ ಮುಂದೆ ನಾನೇ ಹೇಳುತ್ತೇನೆ ಎಂದೆ.

"ಬೇಡಮ್ಮ," ಎಂದ ಅಪ್ಪ. "ಅಷ್ಟು ಜನರ ಮುಂದೆ ಅಳಿಯಂದ್ರ ಮಾನ ಕಳೀಬೇಡ. ಮಾತು ಕೊಟ್ಟುಬಿಟ್ಟಿದಾರೆ. ನಾನು ಅವರ ಮನೇಲಿರೋನು, ನನ್ನ ಬಾಯಿಂದ ಇಲ್ಲ ಅನ್ನೋಕಾಗಲ್ಲ."

ನಾನು ಅತ್ತುಬಿಟ್ಟೆ, ಸಿಟ್ಟಿಗೆ. ಅಪ್ಪ ಗೋಡೆಯ ಮೊಳೆ ನೋಡುತ್ತ ಕೇಳಿದ. ಆ ಮೊಳೆಗೆ ನಲವತ್ತನಾಲ್ಕು ವರ್ಷದ ಹಳೆಯ ಅಚ್ಚುಪಟ್ಟಿ ನೇತಾಡುತ್ತಿತ್ತು.

"ಆ ಡಾಕ್ಟ್ರು ಭಾಷಣ ಮಾಡ್ತಾರಂತಲ್ಲ ಅವತ್ತು. ಎಷ್ಟು ಹೊತ್ತು ಮಾಡ್ತಾರೆ?"

"ಹೋದ ವರ್ಷ ಎರಡು ಗಂಟೆ ಮಾಡಿದ್ರು. ಯಾಕೆ?"

"ಧಾರಾಳ ಆಯ್ತು," ಎಂದು ಅಪ್ಪ ಕೈ ಚಾಚಿ ಪಟ್ಟಿಯನ್ನು ಮೊಳೆಯಿಂದ ತೆಗೆದ.

ತಪಾಸಣೆಯ ಭಾನುವಾರ ಬಂತು. ಇಪ್ಪತ್ತಾರು ಜನರ ಸೈಕಲ್ಲುಗಳೂ ಶೆಡ್ಡಿನಲ್ಲಿ ಕುತ್ತಿಗೆಗೆ ಚೀಟಿ ಕಟ್ಟಿಕೊಂಡು ಸಾಲಾಗಿ ನಿಂತಿದ್ದವು. ಮಧ್ಯದಲ್ಲಿ ಅಪ್ಪನದು, ಅದರ ಪಕ್ಕದಲ್ಲೇ ಹೋಲಿಸಿ ತೋರಿಸಲೆಂದು ಅದೇ ವರ್ಷದ, ಅದೇ ಮಾದರಿಯ ಕರ್ನಲ್ಲರ ಸ್ವಂತ ಸೈಕಲ್ಲು. ಒಂದೇ ವ್ಯತ್ಯಾಸವೆಂದರೆ ಅದರ ಪಂಪಿನ ಕ್ಲಿಪ್ಪು ಎಲ್ಲದರ ಹಾಗೆ ಬಲಗಡೆ. ಹನ್ನೊಂದಕ್ಕೆ ಎಲ್ಲರೂ ಮ್ಯೂಸಿಯಮ್ಮಿಗೆ ಹೋಗಿ ಭಾಷಣಕ್ಕೆ ಕೂತರು. ಹೆಂಡತಿಯಾದ ನನಗೆ ಶೆಡ್ಡಿನಲ್ಲಿ ಟೀ ಫ್ಲಾಸ್ಕು ಕಾಯುವ ಹುದ್ದೆ. ಅಪ್ಪನನ್ನು ಯಾರೂ ಒಳಗೆ ಕರೆಯಲಿಲ್ಲ, ಅವನಿಗೆ ಕಾಲು ಚಾಚಲು ಜಾಗ ಬೇಕಲ್ಲ ಎಂದು ಶೆಡ್ಡಿನಲ್ಲೇ ಒಂದು ಸ್ಟೂಲು ಕೊಟ್ಟರು.

ಮ್ಯೂಸಿಯಮ್ಮಿಗೂ ಶೆಡ್ಡಿಗೂ ನಡುವೆ ಇರುವುದು ಹಲಗೆಯ ಗೋಡೆ. ಕರ್ನಲ್ಲರ ಧ್ವನಿ ಸ್ಪಷ್ಟವಾಗಿ ಕೇಳುತ್ತಿತ್ತು. "ಎಡಗಡೆ! ಮಿತ್ರರೇ, ಇದು ಆಕಸ್ಮಿಕವಾ? ಖಂಡಿತ ಅಲ್ಲ..."

ಅಪ್ಪ ಹಾಲಿನ ಚೀಲದಿಂದ ಕೈ ಡ್ರಿಲ್ಲು ತೆಗೆದ. ಕರ್ನಲ್ಲರ ಸೈಕಲ್ಲಿನ ಕ್ಲಿಪ್ಪು ಬಿಚ್ಚಿದ, ಅಚ್ಚುಪಟ್ಟಿಯನ್ನು ಎಡಗಡೆಗೆ ಕೂರಿಸಿದ, ಹ್ಯಾಂಡಲ್ಲು ಹಿಡಿದುಕೊಳ್ಳಲು ನನಗೆ ಕಣ್ಸನ್ನೆ ಮಾಡಿದ. ಸರ್ಕಾರಿ ಮುದ್ರೆ ಒತ್ತುವವಳಾದ ನಾನು ಹಿಡಿದುಕೊಂಡೆ.

"ಇವತ್ತು ಹಲ್ಲುನೋವಿಲ್ಲ," ಎಂದ ಮೆಲ್ಲಗೆ.

ಡ್ರಿಲ್ಲು ಕಿರ್ರೆಂದಿತು. ಒಳಗಿನಿಂದ ಯಾರೋ, "ಅದೇನು ಸದ್ದು?" ಎಂದರು. "ಪಕ್ಕದಲ್ಲಿ ನಲ್ಲಿ ರಿಪೇರಿ ನಡೀತಿದೆ, ಗಮನ ಕೊಡಬೇಡಿ," ಎಂದರು ಕರ್ನಲ್, "ಈ ಎರಡು ತೂತನ್ನ ಕೊರೆದ ಕೈ ಎಂಥ ಕೈ ಇರಬೇಕು, ಯೋಚನೆ ಮಾಡಿ! ದೇಶದ ರಹಸ್ಯ ಹೊತ್ತ ಕೈ!" ಆ ಕೈ ಆಗ ಎರಡನೆಯ ತೂತಿಗೆ ಎಣ್ಣೆ ಬಿಡುತ್ತಿತ್ತು.

ತೂತುಗಳೇನೋ ಆದವು, ಆದರೆ ಅಂಚು ಹೊಸ ಕಬ್ಬಿಣದ ಹಾಗೆ ಹೊಳೆಯುತ್ತಿತ್ತು. ಅಪ್ಪ ಮೂಲೆಯ ಕಪಾಟು ತೋರಿಸಿದ. ಅಲ್ಲಿ ಸಾಲಾಗಿ ಪುಟ್ಟ ಸೀಸೆಗಳು. ಹೊಸ ನಟ್ಟನ್ನು ಹಳೆಯದು ಮಾಡುವ ತುಕ್ಕಿನ ನೀರು ಅದು. ಸಂಘದ ನಿಯಮದ ಪ್ರಕಾರ ಅದು ಮಹಾಪರಾಧ. ಅದಕ್ಕೇ ಪ್ರತಿಯೊಬ್ಬ ಸದಸ್ಯನೂ ತನ್ನ ಸೀಸೆಗೆ ಹೆಸರು ಬರೆದು, ಬೇರೆಯವನದು ಬಳಸದ ಹಾಗೆ ನೋಡಿಕೊಂಡಿದ್ದ. ಅಪ್ಪ ಕರ್ನಲ್ಲರ ಸೀಸೆಯನ್ನೇ ಆರಿಸಿದ. ಹತ್ತಿಯಲ್ಲಿ ಅದ್ದಿ ಅಂಚಿಗೆ ಸವರಿದ, ಕ್ಲಿಪ್ಪನ್ನು ಎಡಗಡೆಗೆ ಕೂರಿಸಿದ. ಬಲಗಡೆ ಖಾಲಿಯಾದ ತೂತುಗಳಿಗೆ ಕತ್ತರಿಸಿದ ಸ್ಕ್ರೂ ತುಂಬಿ, ಮೇಲೆ ಒಂದಿಷ್ಟು ಗ್ರೀಸು, ಒಂದಿಷ್ಟು ನೆಲದ ಧೂಳು. ಭಾಷಣದಲ್ಲಿ ರಹಸ್ಯ ದಳ ಇನ್ನೂ ಬೆಟ್ಟ ಹತ್ತುತ್ತಲೇ ಇತ್ತು. ನಾವು ಒಂದೊಂದು ಲೋಟ ಟೀ ಕುಡಿದೆವು.

ಒಂದು ಗಂಟೆಗೆ ಎಲ್ಲರೂ ಶೆಡ್ಡಿಗೆ ನುಗ್ಗಿದರು. ಕರ್ನಲ್ ಮುಂದೆ, ಕೈಯಲ್ಲಿ ಉದ್ದನೆಯ ಕಡ್ಡಿ. ಅವರ ಹಿಂದೆಯೇ ನನ್ನ ಗಂಡ, ಅಸಲಿ ಕ್ರ್ಯಾಂಕಿನ ಪೆಟ್ಟಿಗೆಯನ್ನು ಹಸುಗೂಸಿನ ಹಾಗೆ ಎತ್ತಿಕೊಂಡು.

"ಈಗ ಹೋಲಿಸಿ ನೋಡಿ," ಎಂದರು ಕರ್ನಲ್. "ಇದು ನನ್ನದು, ಸಾಮಾನ್ಯ ಮಾದರಿ, ಪಂಪು ಬಲಗ..."

ಕಡ್ಡಿ ಗಾಳಿಯಲ್ಲಿ ನಿಂತಿತು.

ಆ ಮುಖವನ್ನು ನಾನು ಬದುಕಿರುವವರೆಗೆ ಮರೆಯುವುದಿಲ್ಲ. ಮೊದಲು ಬೆಪ್ಪು. ಆಮೇಲೆ ಅನುಮಾನ. ಆಗ ಅವರ ಕಣ್ಣು ನೇರ ನನ್ನ ಅಪ್ಪನ ಕಡೆ ಹೋಯಿತು, ಅಪ್ಪನ ಬೆರಳಿನ ಗ್ರೀಸಿನ ಮೇಲೆ ನಿಂತಿತು. ಗೊತ್ತಾಯಿತು ಅವರಿಗೆ. ನೂರಕ್ಕೆ ನೂರು ಗೊತ್ತಾಯಿತು. ಆದರೆ ಹಾಗೆಂದು ಬಾಯಿಬಿಟ್ಟು ಹೇಳಿದರೆ ಏನಾಗುತ್ತದೆ? ಮಡಚದ ಮಂಡಿಯ ಒಬ್ಬ ಮುದುಕ ಒಂದು ಭಾಷಣದ ಹೊತ್ತಿನಲ್ಲಿ ಮಾಡಿ ಮುಗಿಸುವ ಕೆಲಸಕ್ಕೆ ನಲವತ್ತಮೂರು ಪುಟ ಬರೆದಂತಾಗುತ್ತದೆ. ಕರ್ನಲ್ ಎರಡು ಸಲ ಎಂಜಲು ನುಂಗಿದರು. ಆಮೇಲೆ ಎದೆ ಉಬ್ಬಿಸಿದರು.

"ಮಿತ್ರರೇ," ಎಂದರು. "ಇದನ್ನ ನಾನು ಹನ್ನೊಂದು ವರ್ಷ ಗುಟ್ಟಾಗಿ ಇಟ್ಟಿದ್ದೆ. ಗ್ರಂಥ ಹೊರಬರೋ ದಿನ ಹೇಳೋಣ ಅಂತಿದ್ದೆ. ಇವತ್ತೇ ಹೇಳಿಬಿಡ್ತೀನಿ. ಉಳಿದಿರೋ ಆ ಒಂದು ಸೈಕಲ್ಲು ನನ್ನದೇ!"

ಚಪ್ಪಾಳೆ ಬಿತ್ತು. ಪ್ರತಿ ಭಾನುವಾರ ಆ ಸೈಕಲ್ಲನ್ನು ಬಲಗಡೆ ಪಂಪಿನೊಂದಿಗೆ ನೋಡಿದ್ದ ಇಪ್ಪತ್ತೈದು ಜನ ಚಪ್ಪಾಳೆ ತಟ್ಟಿದರು. ಬೆಲ್ಲುಗಳ ತಜ್ಞರೆಂದು ಹೆಸರಾದ ಒಬ್ಬ ಕ್ಯಾಪ್ಟನ್, "ನನಗೆ ಮೊದಲಿಂದಲೂ ಗುಮಾನಿ ಇತ್ತು," ಎಂದು ಪಕ್ಕದವನಿಗೆ ಹೇಳಿದರು.

ಚಪ್ಪಾಳೆ ನಿಂತ ಮೇಲೆ ಎಲ್ಲರಿಗೂ ಲೆಕ್ಕ ನೆನಪಾಯಿತು. ಉಳಿದಿರುವುದು ಒಂದು, ಇಲ್ಲಿ ನಿಂತಿರುವುದು ಎರಡು. ಹಾಗಾದರೆ ಒಂದು ನಕಲಿ.

"ಹವಾಲ್ದಾರ್ರೇ," ಎಂದರು ಕರ್ನಲ್ ನನ್ನ ಗಂಡನಿಗೆ, ಬೇಸರದ ಧ್ವನಿಯಲ್ಲಿ, "ನೀವು ಮೋಸ ಹೋಗಿದೀರಿ. ಆ ಗಿಡ್ಡ ಕ್ರ್ಯಾಂಕು ನೋಡಿದ ದಿನವೇ ನನಗೆ ಅನ್ನಿಸಿತ್ತು. ಸೈನ್ಯದ ಸೈಕಲ್ಲಿಗೆ ಅಂಥ ಕ್ರ್ಯಾಂಕು ಎಲ್ಲಾದ್ರೂ ಇರುತ್ತಾ?"

ನನ್ನ ಗಂಡನ ಮುಖ ಬಿಳಿಚಿಕೊಂಡಿತು. "ಇಲ್ಲ ಸಾರ್! ಇದು ಅಸಲಿ! ನಮ್ಮ ಮಾವ ಸ್ವಂತ ಕೈಯಾರೆ ಕೊರೆದಿದ್ದು! ಹಲ್ಲುನೋವಿತ್ತು ಅವರಿಗೆ, ಪಟ್ಟಿ ಉಲ್ಟಾ ಹಿಡಿದಿದ್ರು! ಸರ್ವಿಸ್ ಪುಸ್ತಕದಲ್ಲಿ ಬರೆದಿದೆ!"

ಐದು ವರ್ಷದಲ್ಲಿ ಮೊದಲ ಬಾರಿ ಆ ಮನುಷ್ಯ ನನ್ನ ಅಪ್ಪನ ಮಾತನ್ನು ನಂಬಿದ್ದು ಅದೇ ಕ್ಷಣ. ತನಗೆ ಕ್ಯಾಪ್ಟನ್ ಹುದ್ದೆ ಕೈತಪ್ಪುವ ಕ್ಷಣ.

"ಅಳೆದು ನೋಡೋಣ," ಎಂದರು ಬೆಲ್ಲಿನ ತಜ್ಞರು. "ಇವರ ಮನೆಯವರು ಅಳತೆ ಇಲಾಖೆಯವರಲ್ವಾ?"

ನನ್ನ ಕೈಚೀಲದಲ್ಲಿ ಭಾನುವಾರವೂ ಕ್ಯಾಲಿಪರ್ ಇರುತ್ತದೆ, ಅಭ್ಯಾಸಬಲ. ಎರಡೂ ಸೈಕಲ್ಲುಗಳ ಎಡಗಡೆಯ ತೂತುಗಳ ನಡುವಿನ ಅಂತರ ಅಳೆದೆ. "ಎರಡೂ ಒಂದೇ," ಎಂದೆ. "ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ." ಅದು ಸತ್ಯ. ಬಲಗಡೆಯದನ್ನು ಅಳೆಯಿರಿ ಎಂದು ಯಾರೂ ಹೇಳಲಿಲ್ಲ, ಇಪ್ಪತ್ತಾರು ತಜ್ಞರಲ್ಲಿ ಒಬ್ಬನೂ ಬಲಗಡೆಗೆ ಬಗ್ಗಲಿಲ್ಲ. ಬಗ್ಗಿದ್ದರೆ ಗ್ರೀಸು ಇನ್ನೂ ಹಸಿಯಾಗಿತ್ತು.

ಕರ್ನಲ್ ಆಗ ಅಪ್ಪನ ಸ್ಟೂಲಿನ ಹತ್ತಿರ ಬಂದರು. ತಮ್ಮ ಸೈಕಲ್ಲಿನ ಕಡೆ ಕಡ್ಡಿ ತೋರಿಸಿದರು. "ಯಜಮಾನ್ರೇ, ಎಲ್ಲರ ಮುಂದೆ ಹೇಳಿ. ಈ ತೂತು ಕೊರೆದಿದ್ದು ಯಾರು?"

"ನಾನೇ ಸಾರ್," ಎಂದ ಅಪ್ಪ.

"ನೋಡಿದ್ರಾ!" ಎಂದು ಕರ್ನಲ್ ಉಸಿರುಬಿಟ್ಟರು. "ಕೊರೆದವರೇ ಗುರುತು ಹಿಡಿದ್ರು! ಮತ್ತೆ ಅದು?"

ಅಪ್ಪ ತನ್ನ ಸೈಕಲ್ಲನ್ನು ನೋಡಿದ. ಹಾಲಿನ ಚೀಲ ಇನ್ನೂ ಹ್ಯಾಂಡಲ್ಲಿಗೆ ನೇತಾಡುತ್ತಿತ್ತು. "ಅದು ನಾನು ಓಡಾಡೋ ಸೈಕಲ್ಲು," ಎಂದ. ಅವನ ಧ್ವನಿ ಒಂದು ಚೂರು ಸಣ್ಣದಾಯಿತು, ಅದು ಕೇಳಿಸಿದ್ದು ನನಗೆ ಮಾತ್ರ.

ಸಂಘದ ನಿಯಮದಂತೆ ಮತಕ್ಕೆ ಹಾಕಿದರು. ಹಾಲಿನ ಚೀಲದ ಸೈಕಲ್ಲು ನಕಲಿ ಎನ್ನುವವರು ಕೈ ಎತ್ತಿ. ಕೈಗಳು ಎದ್ದವು. ನನ್ನ ಗಂಡನದು ಮಾತ್ರ ಪೆಟ್ಟಿಗೆ ಹಿಡಿದುಕೊಂಡು ಕೆಳಗೇ ಇತ್ತು. ಕರ್ನಲ್ ಅವರನ್ನೇ ನೋಡುತ್ತ, "ಹಾಗಾದ್ರೆ ನನ್ನದು ನಕಲಿ ಅಂತೀರಾ ಹವಾಲ್ದಾರ್ರೇ?" ಎಂದರು. ಪೆಟ್ಟಿಗೆ ಒಂದು ಕೈಗೆ ಹೋಯಿತು. ಇನ್ನೊಂದು ಕೈ ಮೆಲ್ಲಗೆ, ಕಿವಿಯ ಎತ್ತರದವರೆಗೆ ಎದ್ದಿತು. ನನ್ನ ಕಡೆ ಅವರು ನೋಡಲಿಲ್ಲ.

ಆಗ ಸ್ಟೂಲಿನಿಂದ ಇನ್ನೊಂದು ಕೈ ಎದ್ದಿತು, ಗ್ರೀಸಿನದು. ಅಪ್ಪ ಸದಸ್ಯನಲ್ಲ, ಅವನಿಗೆ ಮತವಿಲ್ಲ. ಆದರೂ ಎಲ್ಲರಿಗಿಂತ ಎತ್ತರಕ್ಕೆ ಕೈ ಎತ್ತಿ ಹಿಡಿದಿದ್ದ. ಆ ಒಂದು ಸೈಕಲ್ಲನ್ನು, ತನ್ನ ತಪ್ಪು ಸದಾ ಕಣ್ಣೆದುರಿಗಿರಲಿ ಎಂದು ಹರಾಜಿನಲ್ಲಿ ಹುಡುಕಿ ಕೊಂಡುಕೊಂಡಿದ್ದವನು ಅವನು. ನಗಬೇಕೆಂದು ಬಂದಿದ್ದೆ, ಆಗಲಿಲ್ಲ.

ಕರ್ನಲ್ ಸಂತೋಷದಿಂದ ಅಲ್ಲೇ ಒಂದು ಪ್ರಮಾಣಪತ್ರ ಬರೆದು, ಅಪ್ಪನಿಗೆ ಕೊಟ್ಟರು. 'ಸೈನ್ಯದ ಸೈಕಲ್ಲಿನ ಅಪೂರ್ವ ತಯಾರಿಕೆಯಲ್ಲಿ ತೋರಿದ ಅತ್ಯಂತ ಜಾಗರೂಕ ಕೈಚಳಕಕ್ಕಾಗಿ.' ಎಲ್ಲರೂ ಮತ್ತೆ ಚಪ್ಪಾಳೆ ತಟ್ಟಿದರು. ನಕಲಿ ಸೈಕಲ್ಲನ್ನು ಮ್ಯೂಸಿಯಮ್ಮಿನ ಆವರಣದಲ್ಲಿ ಇಡುವಂತಿಲ್ಲ, ಕೂಡಲೇ ಹೊರಗೆ ಹಾಕಬೇಕೆಂದು ಬೆಲ್ಲಿನ ತಜ್ಞರು ಸೂಚಿಸಿದರು.

ಅಪ್ಪ ಕೂಡಲೇ ಹೊರಗೆ ಹಾಕಿದ. ಸೈಕಲ್ಲು ಹತ್ತಿ, ಕೋಲನ್ನು ಕ್ಲಿಪ್ಪಿಗೆ ಸಿಕ್ಕಿಸಿ, ನನ್ನ ನಡಿಗೆಗೆ ಸರಿಯಾಗಿ ನಿಧಾನ ತುಳಿಯುತ್ತ ಬಂದ. ದೊಡ್ಡ ಸುತ್ತು, ಚಿಕ್ಕ ಸುತ್ತು.

"ಬೇಜಾರಾಯ್ತಾ ಅಪ್ಪ?" ಎಂದು ಕೇಳಿದೆ.

"ಹಲ್ಲುನೋವಲ್ಲಿ ನಲವತ್ತು ಮಾಡಿದ್ದೆ," ಎಂದ ಅಪ್ಪ. "ನಿಜ ಹೇಳಿದೆ. ಅವತ್ತು ಅವರು ಬಡ್ತಿ ಕಿತ್ಕೊಂಡ್ರು, ಮೊನ್ನೆ ಇವರು ನಿಮಗೇನು ಗೊತ್ತು ಅಂತ ಭುಜ ತಟ್ಟಿದ್ರು. ಇವತ್ತು ಬೇಕು ಅಂತಲೇ ನಲವತ್ತೊಂದನೇದು ಮಾಡ್ದೆ. ಸರ್ಟಿಫಿಕೇಟು ಕೊಟ್ರು." ಸ್ವಲ್ಪ ದೂರ ತುಳಿದು, "ಅಳಿಯಂದ್ರ ಮಾನ ಏನೂ ಹೋಗಲಿಲ್ಲ ತಾನೇ?" ಎಂದು ಕೇಳಿದ.

ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ನನ್ನ ಗಂಡ ಖಾಕಿ ಪಟ್ಟಿ ಹಿಡಿದು ಬಂದು, ಎಂದಿನಂತೆ ಕಾಲು ಚಾಚಿ ಕುರ್ಚಿಯಲ್ಲಿ ಕೂತರು. ನಾನು ಪೇಪರಿನಿಂದ ತಲೆ ಎತ್ತಲಿಲ್ಲ. "ಅವತ್ತು ಕೈ ಎತ್ತಿದ್ರಲ್ಲ," ಎಂದೆ. "ಅದೇ ಕೈಲಿ ಸುತ್ತಿಕೊಳ್ಳಿ." ಅವರು ಬಗ್ಗಿ, ಏದುಸಿರು ಬಿಡುತ್ತ ಒಂದು ಸುತ್ತು ಸುತ್ತಿದರು. ಜಗುಲಿಯಲ್ಲಿ ಕೋಲು ಕ್ಲಿಪ್ಪಿಗೆ ಸಿಕ್ಕ ಸದ್ದಾಯಿತು, ಅಪ್ಪ ಹಾಲಿಗೆ ಹೊರಟ. ಯಾರನ್ನೂ ಕೇಳಲಿಲ್ಲ.